ನಾಲ್ಕನೇ ಮಡಿಕೆ

ಮಾರ್ಚ್ 4

ಸಭೆಯ ಎಡಗಡೆ ಕುಳಿತಿರುವ ಮಾನ್ಯರೇ, ಬಲಗಡೆ ಕುಳಿತಿರುವ ಸಾಮಾನ್ಯರೇ, ನಡುವೆ ನಿದ್ದೆಗೆ ಜಾರುತ್ತಿರುವ ಧನ್ಯರೇ, ಕುರ್ಚಿ ಸಿಗದೆ ಬಾಗಿಲಿಗೆ ಒರಗಿರುವ ಅನ್ಯರೇ! ಮಾನವಕುಲವು ಇಂದಿನವರೆಗೆ ಪೆಟ್ಟಿಗೆಗಳನ್ನು ಅಂಟು ಹಾಕಿ ಮುಚ್ಚುತ್ತಿತ್ತು. ಇನ್ನು ಮುಚ್ಚುವುದಿಲ್ಲ. ಅಂದರೆ ಮುಚ್ಚುತ್ತದೆ, ಅಂಟು ಹಾಕುವುದಿಲ್ಲ. ಈ ಯುಗಪರಿವರ್ತನೆಗೆ ಕಾರಣನಾದ ಬಡಪಾಯಿ ತಮ್ಮೆದುರು ನಿಂತಿದ್ದಾನೆ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಬಾಯಿತುಂಬ ನೊರೆ, ತಲೆಯೊಳಗೆ ಬರೀ ಗಾಳಿಯ ಮೊರೆ. ಆಗ ಇದ್ದಕ್ಕಿದ್ದಂತೆ ನನಗೆ ಹೊಳೆಯಿತು…

ಅಕ್ಕಾ, ಗಾಬರಿಯಾಗಬೇಡ. ತಲೆ ಕೆಟ್ಟಿಲ್ಲ. ಇದು ಭಾಷಣದ ಮೊದಲ ತುಣುಕು. ಉಳಿದ ನಾಲ್ಕು ಪುಟ ಈ ಲಕೋಟೆಯಲ್ಲೇ ಇದೆ. ಇಪ್ಪತ್ತೆಂಟು ವರ್ಷದಿಂದ ರೈಲಿನ ವೇಳಾಪಟ್ಟಿಯ ಕರಡು ತಿದ್ದುತ್ತಿರುವವಳು ನೀನು. ನಿನ್ನ ಕಣ್ಣು ತಪ್ಪಿಸಿ ಒಂದು ರೈಲೂ ಒಂದು ನಿಮಿಷ ಮುಂಚೆ ಹೊರಟಿಲ್ಲ. ನನ್ನ ಅಲ್ಪವಿರಾಮಗಳನ್ನೂ ಸ್ವಲ್ಪ ನೋಡು.

ಸಂಗತಿ ಇಷ್ಟು. ನಮ್ಮ ರಟ್ಟಿನ ಕಾರ್ಖಾನೆಯಲ್ಲಿ ನನ್ನ ಕೆಲಸ ನಿನಗೆ ಗೊತ್ತೇ ಇದೆ: ಹಲಗೆಯಲ್ಲಿ ಬ್ಲೇಡು ಕೂರಿಸಿ ಡೈ ಮಾಡುವುದು. ಹರಿತ ಬ್ಲೇಡು ರಟ್ಟನ್ನು ಕತ್ತರಿಸುತ್ತದೆ, ಮೊಂಡು ಬ್ಲೇಡು ಮಡಿಕೆಯ ಗೆರೆ ಹಾಕುತ್ತದೆ. ಓದಿದ್ದು ಸಾಹಿತ್ಯ, ಹೊಟ್ಟೆಗೆ ರಟ್ಟಿನ ಸಾಂಗತ್ಯ. ಹೋದ ವರ್ಷ ಯಜಮಾನರು ಅಂಟಿಲ್ಲದೆ ನಿಲ್ಲುವ ಪೆಟ್ಟಿಗೆ ಬೇಕೆಂದರು. ಮಾಡಿಕೊಟ್ಟೆ. ಒಂದು ಮಾದರಿಯನ್ನು ಬಿಚ್ಚಿ ಚಪ್ಪಟೆ ಮಾಡಿ ಜೊತೆಗಿಟ್ಟಿದ್ದೇನೆ, ಮಡಿಸಿ ನೋಡು. ಮೇ 20ಕ್ಕೆ ಸಮಾರಂಭ. ಪೆಟ್ಟಿಗೆಯ ತಳದಲ್ಲಿ ನನ್ನ ಹೆಸರು ಅಚ್ಚಾಗುತ್ತದೆ. ಹೊಸದಾಗಿ ಕಟ್ಟಿದ ವಿನ್ಯಾಸ ಕೋಣೆಗೆ ನಾನೇ ಮುಖ್ಯಸ್ಥ. ಅಲ್ಲಿ ಮೂರು ಕಿಟಕಿಗಳಿವೆ. ಇಪ್ಪತ್ತೆರಡು ವರ್ಷ ಕಿಟಕಿಯಿಲ್ಲದ ಕಡೆ ಕುಳಿತವನಿಗೆ ಅದು ಎಷ್ಟು ದೊಡ್ಡದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತಮಾಷೆ. ಯಾರ ತಲೆ ಯಾವ ಜಾತಿಯದು ಎಂದು ಅಳೆಯುವ ಒಬ್ಬ ತಜ್ಞರನ್ನು ಕರೆಸಿದ್ದಾರೆ. ನಾವು ಅವರನ್ನು ತಲೆತಜ್ಞರು ಎನ್ನುತ್ತೇವೆ. ನಲವತ್ತು ಪ್ರಶ್ನೆಯ ಪತ್ರಿಕೆ ಕೊಟ್ಟು, ಹೊಸದು ಸೃಷ್ಟಿಸುವವರಿಗೆ ಹಸಿರು ಬಿಲ್ಲೆ, ಇದ್ದುದನ್ನು ನಡೆಸಿಕೊಂಡು ಹೋಗುವವರಿಗೆ ಬೂದು ಬಿಲ್ಲೆ ಹಂಚಿದರು. ನನಗೆ ಹಸಿರು, ಅದೂ ಅತಿ ಹೆಚ್ಚು ಅಂಕ. 'ಖಾಲಿ ಪೆಟ್ಟಿಗೆಯ ಉಪಯೋಗಗಳನ್ನು ಐದು ನಿಮಿಷದಲ್ಲಿ ಬರೆಯಿರಿ' ಎಂಬ ಪ್ರಶ್ನೆಗೆ ನಲವತ್ತೊಂದು ಬರೆದೆ. ಮೇಲ್ವಿಚಾರಕರ ಟೋಪಿ ಎನ್ನುವುದೂ ಅದರಲ್ಲಿ ಒಂದು.

ಅಮ್ಮ ಹೋದ ಮೇಲೆ ಬರೆದಿರಲಿಲ್ಲ. ಹದಿನಾಲ್ಕು ತಿಂಗಳಾಯಿತು. ನೀನೂ ಬರೆದಿರಲಿಲ್ಲ.

ಇತಿ,
ನಿನ್ನ ತಮ್ಮ


ಮಾರ್ಚ್ 15

ತಮ್ಮಾ,

ಭಾಷಣ ತಿದ್ದಿ ಕಳಿಸಿದ್ದೇನೆ. ಅಲ್ಪವಿರಾಮ ಹದಿನೇಳು ಕಡೆ ಹೆಚ್ಚಾಗಿದೆ, ಎರಡು ಕಡೆ ಕಡಿಮೆಯಾಗಿದೆ. 'ಯುಗಪರಿವರ್ತನೆ' ಪೆಟ್ಟಿಗೆಗಿಂತ ದೊಡ್ಡ ಪದ, ಒಳಗೆ ಹಿಡಿಯುವುದಿಲ್ಲ. ಮೂರನೇ ಪುಟದಲ್ಲಿ ಯಜಮಾನರನ್ನು ಎರಡು ಸಲ ಹೊಗಳಿದ್ದೀಯ, ಒಂದು ಸಾಕು.

ಮಾದರಿಯನ್ನು ಮಡಿಸಿದೆ. ಬಿಚ್ಚಿದೆ. ಮತ್ತೆ ಮಡಿಸಿದೆ. ಒಟ್ಟು ಹನ್ನೊಂದು ಸಲ. ಗಟ್ಟಿಯಾಗಿ ನಿಲ್ಲುತ್ತದೆ.

ಎರಡು ಪ್ರಶ್ನೆ. ಮೊದಲನೇ ಪುಟದಲ್ಲಿ 'ಹೊಳೆಯಿತು' ಎಂಬ ಪದಕ್ಕೆ ಕೆಂಪು ಸುತ್ತು ಹಾಕಿದ್ದೇನೆ. ನನ್ನ ಕೆಲಸದಲ್ಲಿ ಕೆಂಪು ಸುತ್ತು ಎಂದರೆ ತಪ್ಪು ಎಂದಲ್ಲ, ಮೂಲಪ್ರತಿಯ ಜೊತೆ ಹೋಲಿಸಿ ನೋಡಿ ಎಂದು. ಎರಡನೆಯದು: ಎಡದ ರೆಕ್ಕೆ, ಬಲದ ರೆಕ್ಕೆ, ತಳದ ಪಟ್ಟಿ, ಈ ಮೂರು ಮಡಿಕೆ ಅರ್ಥವಾಯಿತು. ಮೂಲೆಯಲ್ಲಿ ಓರೆಯಾಗಿ ನಾಲ್ಕನೇ ಮಡಿಕೆಯೊಂದಿದೆಯಲ್ಲ, ಅದು ಏನು ಕೆಲಸ ಮಾಡುತ್ತದೆ?

ಆ ತಜ್ಞರ ಪ್ರಶ್ನೆಪತ್ರಿಕೆಯ ಖಾಲಿ ಪ್ರತಿ ಒಂದಿದ್ದರೆ ಕಳಿಸು. ನನ್ನ ತಲೆಯ ಜಾತಿಯೂ ತಿಳಿಯಲಿ.

ಬೆಳಗಿನ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ಕಿವಿ ಮೊದಲಿನಿಂದಲೂ ಸೂಕ್ಷ್ಮ.

ಅಕ್ಕ


ಮಾರ್ಚ್ 24

ಅಕ್ಕಾ,

'ಹೊಳೆಯಿತು' ಇರಲಿ. ಅದನ್ನು ತೆಗೆದರೆ ಮುಂದಿನ ಸಾಲಿನ 'ಕಳೆಯಿತು', ಅದರ ಮುಂದಿನ 'ಬೆಳೆಯಿತು' ಎರಡೂ ಅನಾಥವಾಗುತ್ತವೆ. ಮೂಲಪ್ರತಿ ಅಂತೆ! ಹಲ್ಲುಜ್ಜುವಾಗ ಬಂದದ್ದಕ್ಕೆ ಮೂಲಪ್ರತಿ ಎಲ್ಲಿಂದ ತರಲಿ, ಬ್ರಷ್ ಕಳಿಸಲೇ?

ನಾಲ್ಕನೇ ಮಡಿಕೆಯ ಬಗ್ಗೆ ನಿನಗಿಂತ ತಿಳಿದವರು ಏನು ಹೇಳಿದರು ಕೇಳು. ತಲೆತಜ್ಞರು ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಮೊದಲ ಮೂರು ಮಡಿಕೆ ಯಾರ್ ಬೇಕಾದ್ರೂ ಹಾಕಬಹುದು. ಪ್ರತಿಭೆ ಇರೋದು ಈ ಓರೆ ಮಡಿಕೇಲಿ. ತರ್ಕ ಇಲ್ಲಿಗೆ ಬರೋದೇ ಇಲ್ಲ," ಎಂದರು. ಯಜಮಾನರು ತಲೆದೂಗಿದರು. ನಾನು ನೆಲ ನೋಡಿದೆ. ವಿನಯ ಎಂದುಕೊಂಡರು.

ಪ್ರಶ್ನೆಪತ್ರಿಕೆ ಇಟ್ಟಿದ್ದೇನೆ. ತುಂಬಿ ಕಳಿಸಿದರೆ ಅವರಿಂದಲೇ ಅಂಕ ಹಾಕಿಸುತ್ತೇನೆ. ಹೊರಗಿನವರದೂ ಕೆಲವು ಬೇಕಂತೆ ಅವರಿಗೆ.

ಬೂದು ಬಿಲ್ಲೆ ಹಂಚಿದ ದಿನದ ಕಥೆ ಬರೆಯಲಿಲ್ಲ, ಅಲ್ಲವೇ? ಅಂಟು ಹಾಕುವ ವಿಭಾಗದ ಇಪ್ಪತ್ತಾರು ಹೆಂಗಸರಿಗೂ ಬೂದು. ಅವರ ಹಿರಿಯಾಕೆಯನ್ನು ನಾವೆಲ್ಲ ಅಂಟಮ್ಮ ಎಂದೇ ಕರೆಯುವುದು, ಹತ್ತೊಂಬತ್ತು ವರ್ಷದ ಅನುಭವ. ಬಿಲ್ಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಏನ್ ಸ್ವಾಮಿ, ಹಸಿರು ಖಾಲಿಯಾಯ್ತಾ?"

"ಹಾಗಲ್ಲಮ್ಮ. ಬೂದು ಅಂದ್ರೆ ಕಡಿಮೆ ಅಂತ ಅಲ್ಲ. ನೀವು ಇರೋದನ್ನ ಅಚ್ಚುಕಟ್ಟಾಗಿ ನಡೆಸ್ಕೊಂಡು ಹೋಗೋರು. ಹೊಸದು ಯೋಚಿಸೋರ ತಲೇನೇ ಬೇರೆ."

"ಹೌದಾ? ಹಂಗಾದ್ರೆ ಚಳಿಗಾಲದಲ್ಲಿ ಅಂಟು ಗಟ್ಟಿಯಾಗ್ದೇ ಇರ್ಲಿ ಅಂತ ಡಬ್ಬಾನ ಬಿಸಿನೀರಲ್ಲಿ ಕೂರ್ಸಿದ್ದು ಯಾರು? ನಿಮ್ಮ ಬೇರೆ ತಲೇನಾ?"

"ಅದು ಸುಧಾರಣೆ. ಸೃಷ್ಟಿ ಅಲ್ಲ."

"ಸರಿ ಬಿಡಿ. ನೀವು ಸೃಷ್ಟಿ ಮಾಡ್ತಾ ನಿಂತಿರಿ, ನಾನು ಕೂತು ಸುಧಾರಿಸ್ಕೊಳ್ತೀನಿ," ಎಂದು ತಜ್ಞರಿಗಾಗಿ ಇಟ್ಟಿದ್ದ ಕುರ್ಚಿಯನ್ನೇ ಎಳೆದುಕೊಂಡು ಕುಳಿತುಬಿಟ್ಟರು.

ನಕ್ಕೂ ನಕ್ಕೂ ಸಾಕಾಯಿತು. ಮಾರನೆಯ ದಿನ ಯಜಮಾನರ ಕಡೆಯವರು ಅಂಟಿನ ವಿಭಾಗದ ಗೋಡೆಯಲ್ಲಿದ್ದ ಸಲಹಾ ಪೆಟ್ಟಿಗೆಯನ್ನು ಬಿಚ್ಚಿ ಒಯ್ದರು. ಬೂದು ಬಿಲ್ಲೆಯವರ ಸಲಹೆ ಓದುವುದು ಕಾಲಹರಣವಂತೆ. ವಿನ್ಯಾಸ ಕೋಣೆಗೂ ಅವರಿಗೆ ಪ್ರವೇಶವಿಲ್ಲ. ಆಗ ಅಷ್ಟು ನಗು ಬರಲಿಲ್ಲ. ಆದರೆ ನಾನೇನು ಮಾಡಲಿ? ನಿಯಮ ಮಾಡಿದವನು ನಾನಲ್ಲ.

ಇತಿ,
ಹಸಿರು ತಮ್ಮ


ಏಪ್ರಿಲ್ 6

ತಮ್ಮಾ,

ಉತ್ತರಪತ್ರಿಕೆ ಇಟ್ಟಿದ್ದೇನೆ. ಅವರ ಪ್ರಶ್ನೆಗಳಲ್ಲಿ ಹದಿನಾಲ್ಕು ಕಾಗುಣಿತದ ತಪ್ಪುಗಳಿದ್ದವು, ಅಂಚಿನಲ್ಲಿ ತಿದ್ದಿದ್ದೇನೆ. ಅದಕ್ಕೆ ಅಂಕ ಕೊಡುತ್ತಾರೋ ಇಲ್ಲವೋ ತಿಳಿಯದು.

ನೀನು ಮೊದಲೇ ನಕ್ಕು ಮುಗಿಸಲಿ ಎಂದು ಕೆಲವು ಉತ್ತರಗಳನ್ನು ಇಲ್ಲೂ ಬರೆಯುತ್ತೇನೆ.

'ನಿಯಮ ಮುರಿಯುವುದು ನಿಮಗೆ ಖುಷಿ ಕೊಡುತ್ತದೆಯೇ?' ಯಾವ ನಿಯಮ ಎಂದು ತಿಳಿಸಿ.

'ಒಂದು ಕೆಲಸ ಮುಗಿಯುವ ಮೊದಲೇ ಮತ್ತೊಂದರ ಕಡೆ ಮನಸ್ಸು ಹಾರುತ್ತದೆಯೇ?' ಇಲ್ಲ.

'ನಿಮಗೆ ಹೊಸ ವಿಚಾರಗಳು ಥಟ್ಟನೆ ಹೊಳೆಯುತ್ತವೆಯೇ?' ಇಲ್ಲ. ತಡವಾಗಿ ಬರುತ್ತವೆ, ನಡೆದುಕೊಂಡು.

'ಖಾಲಿ ಪೆಟ್ಟಿಗೆಯ ಉಪಯೋಗಗಳನ್ನು ಬರೆಯಿರಿ.' ಪೆಟ್ಟಿಗೆಯ ಅಳತೆ ಕೊಟ್ಟಿಲ್ಲ. ಅಳತೆ ತಿಳಿಸಿದರೆ ಬರೆಯುತ್ತೇನೆ.

ನೀನು ನಲವತ್ತೊಂದು ಬರೆದದ್ದು ಸುಳ್ಳಲ್ಲವೆಂದು ನನಗೆ ಗೊತ್ತು. ನಿನ್ನ ತಲೆ ಗುಬ್ಬಿಗಳು ತುಂಬಿದ ಮರ. ಚಪ್ಪಾಳೆ ತಟ್ಟಿದರೆ ನಲವತ್ತೊಂದು ಒಟ್ಟಿಗೆ ಹಾರುತ್ತವೆ. ನನ್ನದು ಇರುವೆಯ ಸಾಲು. ಆದರೆ ಇರುವೆ ಎಲ್ಲಿಗೂ ತಲುಪುವುದಿಲ್ಲ ಎಂದು ಯಾರು ಹೇಳಿದರು ಅವರಿಗೆ?

ನಾಲ್ಕನೇ ಮಡಿಕೆ ಏನು ಕೆಲಸ ಮಾಡುತ್ತದೆಂದು ನೀನು ಹೇಳಲಿಲ್ಲ. ತಜ್ಞರು ಹೇಳಿದ್ದನ್ನು ಹೇಳಿದೆ.

ಅಕ್ಕ


ಏಪ್ರಿಲ್ 19

ಅಕ್ಕಾ,

ಫಲಿತಾಂಶ ಬಂತು. ಬೂದು. ಬರೀ ಬೂದಲ್ಲ, ಕಾರ್ಖಾನೆಯ ಒಳಗೆ ಹೊರಗೆ ಸೇರಿ ಎಲ್ಲರಿಗಿಂತ ಕಡಿಮೆ. ತಲೆತಜ್ಞರು ಕೈಯಾರೆ ಒಂದು ಷರಾ ಬರೆದಿದ್ದಾರೆ, ಹಾಗೇ ನಕಲು ಮಾಡುತ್ತೇನೆ: 'ಶಿಸ್ತಿನ ವ್ಯಕ್ತಿ. ಹೇಳಿದ್ದನ್ನು ಮಾಡುತ್ತಾರೆ. ಹೊಸದೇನನ್ನಾದರೂ ಕಂಡುಹಿಡಿಯುವ ಸಂಭವ ಇಲ್ಲ.'

ಕಾಗುಣಿತದ ತಿದ್ದುಪಡಿ ನೋಡಿ ಮುಖ ಕೆಂಪಾಯಿತು. "ಇವ್ರು ಯಾರು?" ಎಂದರು. "ನಮ್ಮಕ್ಕ," ಎಂದೆ. "ಒಂದೇ ಮನೇಲಿ ಎಂಥಾ ವ್ಯತ್ಯಾಸ ನೋಡಿ!" ಎಂದರು. ಹೌದು ಸಾರ್ ಎಂದೆ. ಅಂದುಬಿಟ್ಟೆ.

ಆಮೇಲೆ ಮೂರು ದಿನ ನನಗೆ ಸಿಟ್ಟು ಬಂತು, ನಿನ್ನ ಮೇಲೆ. ನೀನು ಪೆಟ್ಟಿಗೆ ಮಡಿಸಿದೆ, ಹನ್ನೊಂದು ಸಲ ಮಡಿಸಿದೆ, ಕೆಂಪು ಸುತ್ತು ಹಾಕಿದೆ, ಮೂಲಪ್ರತಿ ನೋಡು ಎಂದೆ, ನಾಲ್ಕನೇದು ಯಾಕೆ ಎಂದೆ. ಇದೆಲ್ಲ ಏನು? ಸೂಜಿಯಿಂದ ಚುಚ್ಚುವುದಕ್ಕಿಂತ ಒಂದು ಏಟು ಹೊಡೆದುಬಿಡು. ಅಂಟಿಲ್ಲದೆ ಮಡಿಸುವ ಬಗೆಯೇ ನಿನ್ನದು ಎಂದು ಹೇಳಬೇಕಿದ್ದರೆ ನೇರವಾಗಿ ಹೇಳು. ಆಗ ನನಗೆ ಏಳು ವರ್ಷ. ಏಳು ವರ್ಷದವನಿಗೆ ಏನು ನೆನಪಿರುತ್ತದೆ? ಮನೆಯಲ್ಲಿ ಎಲ್ಲರೂ ನನ್ನದೆಂದರು, ನನ್ನದೆಂದುಕೊಂಡು ಬೆಳೆದೆ. ಇಷ್ಟು ವರ್ಷ ಕೈಯಲ್ಲಿ ಸಿಕ್ಕ ಬಸ್ ಟಿಕೆಟ್ಟನ್ನೆಲ್ಲ ಹಾಗೆ ಮಡಿಸಿದವನು ನಾನು. ಕಾಗದದಲ್ಲಿದ್ದುದನ್ನು ರಟ್ಟಿಗೆ ತಂದವನು ನಾನು. ರಟ್ಟು ಕಾಗದದಂತೆ ಬಾಗುವುದಿಲ್ಲ. ಬ್ಲೇಡಿನ ಎತ್ತರ ಸರಿ ಮಾಡಲು ಆರು ತಿಂಗಳು ಹಿಡಿಯಿತು.

ಕಿಟಕಿಯ ಕೋಣೆ ಬಿಟ್ಟುಕೊಡುವುದಿಲ್ಲ. ಹೆಸರನ್ನೂ ಬಿಡುವುದಿಲ್ಲ. ಬರೆಯುವುದಿದ್ದರೆ ಬರೆ.

ತಮ್ಮ


ಏಪ್ರಿಲ್ 28

ತಮ್ಮಾ,

ನಾನು ಎಲ್ಲೂ ನನ್ನದು ಎಂದು ಬರೆದಿರಲಿಲ್ಲ. ನೀನೇ ಬರೆದೆ. ಸರಿ, ಈಗ ನೇರವಾಗಿ ಹೇಳುತ್ತೇನೆ.

ಅಮ್ಮನ ಗುಂಡಿ ಅಂಗಡಿ ನನಗೆ ನೆನಪಿದೆ. ಅಂಗಿಯ ಗುಂಡಿಗಳನ್ನು ಆರಾರಂತೆ ಎಣಿಸಿ, ಕಾಗದದ ಪೊಟ್ಟಣದಲ್ಲಿ ಹಾಕಿ, ಹಿಟ್ಟಿನ ಅಂಟು ಮೆತ್ತಿ ಮುಚ್ಚಿಡುತ್ತಿದ್ದಳು. ಹಿಟ್ಟಿನಂಟನ್ನು ಜಿರಳೆ ತಿನ್ನುತ್ತಿತ್ತು. ಪೊಟ್ಟಣ ಬಾಯಿ ಬಿಟ್ಟು ಗುಂಡಿ ಉದುರುತ್ತಿದ್ದವು. ಒಂದು ದಿನ ಒಬ್ಬಾಕೆ ಬಂದು, "ಆರು ಅಂತ ಹೇಳಿ ನಾಲ್ಕು ಕೊಡ್ತೀರಲ್ಲ, ಮೋಸ ಮಾಡೋಕೂ ಒಂದು ಮಿತಿ ಬೇಡ್ವೇ?" ಎಂದು ಎಲ್ಲರೆದುರು ಕೂಗಾಡಿದಳು. ಅಮ್ಮ ಎರಡು ಗುಂಡಿ ಎಣಿಸಿ ಕೊಟ್ಟಳು. ಆಮೇಲೆ ಬಹಳ ಹೊತ್ತು ಅಂಗಡಿ ಗುಡಿಸುತ್ತಲೇ ಇದ್ದಳು.

ನನಗೆ ಹನ್ನೊಂದು. ಬೇಸಿಗೆ ರಜೆ. ಅಂಟಿಲ್ಲದೆ ಮುಚ್ಚುವ ಪೊಟ್ಟಣ ಮಾಡುತ್ತೇನೆಂದು ಕುಳಿತೆ. ನನಗೆ ಏನೂ ಹೊಳೆಯಲಿಲ್ಲ. ಒಂದು ಮಡಿಸುವುದು, ಕವುಚಿ ಇಪ್ಪತ್ತು ಸಲ ಕುಲುಕುವುದು, ಗುಂಡಿ ಬಿದ್ದರೆ ಎಲ್ಲಿಂದ ಬಿತ್ತೆಂದು ಬರೆದುಕೊಳ್ಳುವುದು, ಅದೊಂದನ್ನು ಮಾತ್ರ ಬದಲಾಯಿಸಿ ಮತ್ತೆ ಮಡಿಸುವುದು. ಹೀಗೆ ನಲವತ್ತು ದಿನ. ಅರವತ್ತಮೂರು ಸಲ ಬಿತ್ತು. ಅರವತ್ತನಾಲ್ಕನೆಯದು ನಿಂತಿತು.

ನೀನು ಅಷ್ಟೂ ದಿನ ಕೌಂಟರಿನ ಕೆಳಗೆ ಕುಳಿತು ಬಣ್ಣದ ಗುಂಡಿಗಳನ್ನು ಉರುಳಿಸುತ್ತಿದ್ದೆ. ನಿಂತ ದಿನ ಹೊರಗೆ ಬಂದು ಕುಣಿದೆ. ಕಾಲು ಗಂಟೆಯಲ್ಲಿ ಹಾಡು ಕಟ್ಟಿದೆ.

ಎಡದ ರೆಕ್ಕೆ ಒಳಗೆ ಬಾ,
ಬಲದ ರೆಕ್ಕೆ ಜೊತೆಗೆ ಬಾ,
ತಳದ ಪಟ್ಟಿ ಮೇಲೆ ಬಾ,
ಮೂಲೆ ಮಡಿಕೆ ನೀನೂ ಬಾ,
ನಾಲಿಗೆ ತೂರಿಸಿ ಬಾಯನು ಮುಚ್ಚು,
ಉದುರಿದರೆ ನನ್ನ ಕಿವಿಯನು ಕಚ್ಚು!

ಬಂದವರೆಲ್ಲ ನಕ್ಕರು. ಯಾರು ಕಂಡುಹಿಡಿದದ್ದು ಎಂದು ಕೇಳಿದರು. ಹಾಡುತ್ತಿದ್ದವನು ನೀನು, ಅಮ್ಮ ನಿನ್ನ ಕಡೆ ಬೆರಳು ತೋರಿಸಿದಳು. ಅಂದು ಸಂಜೆ ಅಂಗಡಿ ಮುಚ್ಚಿದ ಮೇಲೆ, ನಾನೂ ಅಮ್ಮನೂ ಇಬ್ಬರೇ ಇದ್ದಾಗ, ಕಂಡುಹಿಡಿದದ್ದು ನಾನು ಎಂದು ಅವಳಿಗೆ ಹೇಳಿದೆ. "ಸಣ್ಣೋನು ಕಣೇ. ಅವನ ಸಂತೋಷ ಯಾಕೆ ಕಿತ್ಕೊಳ್ತೀಯಾ? ನಿನಗೆ ಲೆಕ್ಕ ಬರುತ್ತಲ್ಲ, ಸಾಕು," ಎಂದಳು. ಅಂದಿನಿಂದ ಮನೆಯಲ್ಲಿ ನೀನು ತಲೆಯವನಾದೆ, ನಾನು ಕೈಯವಳಾದೆ. ಆ ಹಾಡಿನ ಐದನೇ ಸಾಲು ಬಂದಾಗಲೆಲ್ಲ ಅದು ನನಗೇ ಹೇಳಿದ್ದು ಎನ್ನಿಸುತ್ತಿತ್ತು.

ಅಮ್ಮ ಇರುವವರೆಗೆ ಈ ಮಾತು ಎತ್ತಬಾರದೆಂದಿದ್ದೆ. ಎತ್ತಲಿಲ್ಲ.

ಈಗಲೂ ನಿನ್ನ ಹೆಸರು ತೆಗೆಸಲು ಬರೆಯುತ್ತಿಲ್ಲ. ತಳದಲ್ಲಿ ನಿನ್ನ ಹೆಸರೇ ಇರಲಿ. ನನ್ನ ಮಡಿಕೆ ನಿನ್ನ ಹಾಡಿಲ್ಲದೆ ನೋಟುಬುಕ್ಕಿನಿಂದ ಹೊರಗೆ ಬರುತ್ತಿರಲಿಲ್ಲ, ನಿನ್ನ ಆರು ತಿಂಗಳಿಲ್ಲದೆ ರಟ್ಟಿಗೆ ಬರುತ್ತಿರಲಿಲ್ಲ. ತಪ್ಪಿಲ್ಲದ ವೇಳಾಪಟ್ಟಿಯನ್ನು ಯಾರೂ ಹಾಡುವುದಿಲ್ಲ, ಅದು ನನಗೆ ಗೊತ್ತು. ಆದರೆ 'ಹೊಳೆಯಿತು' ಎಂಬ ಒಂದು ಪದವನ್ನು ತೆಗೆಯಲೇಬೇಕು. ಅದು ಇದ್ದರೆ ಆ ತಜ್ಞರು ಹೇಳಿದ್ದು ನಿಜವಾಗುತ್ತದೆ. ಹೊಸದೆಂದರೆ ಹಲ್ಲುಜ್ಜುವವರಿಗೆ ಸುಮ್ಮನೆ ಬಂದು ಬೀಳುವಂಥದ್ದು, ಬಿದ್ದದ್ದನ್ನು ಎತ್ತಿ ಎತ್ತಿ ನೋಡುವವರು ಬರೀ ಕೈ ಎಂದಾಗುತ್ತದೆ. ನಿನ್ನ ಅಂಟಮ್ಮನ ಗೋಡೆಯ ಸಲಹಾ ಪೆಟ್ಟಿಗೆ ಹೋದದ್ದು ಈ ಪದದಿಂದಲೇ. ಇಷ್ಟು ವರ್ಷ ಸುಮ್ಮನಿದ್ದೆ. ಇನ್ನು ಇರುವುದಿಲ್ಲ. ನೀನು ತೆಗೆಯದಿದ್ದರೆ ಮೇ 20ಕ್ಕೆ ನಾನೇ ಬಂದು, ಬಾಗಿಲಿಗೆ ಒರಗಿರುವ ಅನ್ಯರ ಜೊತೆ ನಿಂತು, ಕೂಗಿ ತಿದ್ದುತ್ತೇನೆ.

ನೋಟುಬುಕ್ಕನ್ನು ಬೇರೆಯಾಗಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಅರವತ್ತನಾಲ್ಕನೇ ಪುಟ ನೋಡು. ಮೂರೇ ಮಡಿಕೆ ಇವೆ. ನಾಲ್ಕನೆಯದು ನನ್ನ ಪುಸ್ತಕದಲ್ಲಿಲ್ಲ.

ಅಕ್ಕ


ಮೇ 9

ಅಕ್ಕಾ,

ನೋಟುಬುಕ್ಕು ತಲುಪಿತು. ಮೊದಲ ಪುಟದಿಂದ ಓದಿದೆ. ನಿಜವಾಗಿ ಹೇಳುತ್ತೇನೆ, ನನಗೆ ಇದ್ಯಾವುದೂ ನೆನಪಿರಲಿಲ್ಲ. ಪೂರ್ತಿ ಮರೆತೇಹೋಗಿತ್ತು.

ಆದರೆ ಭಾಷಣ ಅಚ್ಚಿಗೆ ಹೋಗಿದೆ. ಹೆಸರಿನ ಅಚ್ಚೂ ತಯಾರಾಗಿದೆ. ಈಗ ಬದಲಾಯಿಸಲಾಗುವುದಿಲ್ಲ. ನೀನು ಬರುವುದೂ ಬೇಡ, ಅಷ್ಟು ದೂರ.

ತಮ್ಮ


ಮೇ 14

ತಮ್ಮಾ,

ಬದಲಾಯಿಸಬೇಡ ಬಿಡು. ರಜೆ ಸಿಗಲಿಲ್ಲ, ಬರುವುದಿಲ್ಲ. ಹೊಸ ವೇಳಾಪಟ್ಟಿ ಅಚ್ಚಿನಲ್ಲಿದೆ. ಬೆದರಿಸಿದ್ದು ಸುಮ್ಮನೆ.

ಒಂದು ಕೆಲಸ ಮಾತ್ರ ಮಾಡು. ನಾಲ್ಕನೇ ಮಡಿಕೆ ಹಾಕದೆ ಒಂದು ಪೆಟ್ಟಿಗೆ ಮಡಿಸು. ಕವುಚಿ ಇಪ್ಪತ್ತು ಸಲ ಕುಲುಕು. ಏನಾಯಿತೆಂದು ಬರೆದುಕೋ.

ಅಕ್ಕ


ಮೇ 21

ಅಕ್ಕಾ,

ನಿನ್ನೆ ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಊಟದ ಸಭಾಂಗಣದಲ್ಲೇ ಕುರ್ಚಿ ಹಾಕಿದ್ದರು. ಹಸಿರು ಬಿಲ್ಲೆಯವರು ಮುಂದೆ, ಬೂದು ಬಿಲ್ಲೆಯವರು ಹಿಂದೆ, ಅಂಟಿನ ವಿಭಾಗದವರಿಗೆ ಕುರ್ಚಿ ಸಾಲದೆ ಬಾಗಿಲಲ್ಲಿ. ಮಾನ್ಯರೇ, ಸಾಮಾನ್ಯರೇ, ಧನ್ಯರೇ, ಅನ್ಯರೇ ಎಂದೆ. ಚೆನ್ನಾಗಿ ನಕ್ಕರು. ಯುಗಪರಿವರ್ತನೆ ಎಂದೆ, ನೀನು ಹೊಡೆದುಹಾಕಿದ್ದರೂ. ಹಲ್ಲುಜ್ಜಿದೆ. ನೊರೆ ಬಂತು. 'ಇದ್ದಕ್ಕಿದ್ದಂತೆ' ಎಂಬಲ್ಲಿಗೆ ಬಂದು ನಿಂತೆ. ನಿನ್ನ ಕೆಂಪು ಸುತ್ತು ಅಚ್ಚಾದ ಹಾಳೆಯಲ್ಲಿ ಇರಲಿಲ್ಲ, ಆದರೂ ಕಂಡಿತು.

ಭಾಷಣ ಮಡಿಸಿ ಜೇಬಿಗೆ ಹಾಕಿ ನೋಟುಬುಕ್ಕು ತೆಗೆದೆ. "ಹೊಳೆಯಲಿಲ್ಲ," ಎಂದೆ. "ಆಗ ಹನ್ನೊಂದು ವರ್ಷದವಳಾಗಿದ್ದ ನನ್ನಕ್ಕನಿಗೂ ಹೊಳೆಯಲಿಲ್ಲ. ಏನಾಯಿತು ಅಂತ ಓದ್ತೀನಿ." ಓದಿದೆ. ಒಂದು: ತಳ ಬಿಚ್ಚಿತು. ಎರಡು: ತಳ ಬಿಚ್ಚಿತು. ಮೂರು: ತಳ ಬಿಚ್ಚಿತು, ಅತ್ತುಬಿಟ್ಟೆ. ನಾಲ್ಕು: ಅಳಲಿಲ್ಲ, ತಳ ಬಿಚ್ಚಿತು.

ಹತ್ತರವರೆಗೆ ನಕ್ಕರು. ಹದಿನೇಳಕ್ಕೆ ಯಜಮಾನರು ಗಡಿಯಾರ ನೋಡಿಕೊಂಡರು. ಇಪ್ಪತ್ತಮೂರಕ್ಕೆ ಮೇಲ್ವಿಚಾರಕರು ಬಂದು ಕಿವಿಯಲ್ಲಿ, "ಸಾಕು ಮಾರಾಯಾ, ಅರ್ಥ ಆಯ್ತು," ಎಂದರು. ನಾನು ಇಪ್ಪತ್ತನಾಲ್ಕು ಎಂದೆ. ಮೂವತ್ತೊಂದಕ್ಕೆ ಬಾಗಿಲ ಕಡೆಯಿಂದ ಯಾರೋ ನನಗಿಂತ ಮೊದಲೇ "ಮೂವತ್ತೆರಡು!" ಎಂದು ಕೂಗಿದರು. ಅಂಟಮ್ಮ. ಅಲ್ಲಿಂದ ಮುಂದೆ ಎಣಿಕೆ ಅವರದು, ಓದು ನನ್ನದು. ಐವತ್ತರ ಹೊತ್ತಿಗೆ ಇಪ್ಪತ್ತಾರು ಗಂಟಲು ಒಟ್ಟಿಗೆ ಎಣಿಸುತ್ತಿದ್ದವು. ಅರವತ್ತಮೂರನ್ನೂ ಓದಿದೆ, ಒಂದನ್ನೂ ಬಿಡಲಿಲ್ಲ. ಅರವತ್ತನಾಲ್ಕು: ನಿಂತಿತು. ಅಷ್ಟು ದೊಡ್ಡ ಚಪ್ಪಾಳೆ ಆ ಕಟ್ಟಡದಲ್ಲಿ ನಾನು ಕೇಳಿರಲಿಲ್ಲ. ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಬಂತು.

ತಲೆತಜ್ಞರು ಎದ್ದು ನಿಂತು ಮೈಕು ತೆಗೆದುಕೊಂಡರು. "ನೋಡಿ, ನಿಜವಾದ ಪ್ರತಿಭಾವಂತರು ಹೀಗೇ, ಕೀರ್ತೀನ ಬೇರೆಯವ್ರಿಗೆ ಹಂಚಿಬಿಡ್ತಾರೆ," ಎಂದರು. ಮೈಕು ವಾಪಸ್ ಇಸಿದುಕೊಂಡೆ. ನಿನ್ನ ಉತ್ತರಪತ್ರಿಕೆಯಲ್ಲಿ ಅವರು ಬರೆದ ಷರಾ ಓದಿದೆ. 'ಹೊಸದೇನನ್ನಾದರೂ ಕಂಡುಹಿಡಿಯುವ ಸಂಭವ ಇಲ್ಲ.' ಯಾರ ಪತ್ರಿಕೆ ಎಂದೂ ಹೇಳಿದೆ. 

"ಇರಬಹುದು," ಎಂದರು ಅವರು, ಕೊಂಚ ತಡವರಿಸಿ. "ಆದ್ರೆ ಆ ಓರೆ ಮಡಿಕೆ? ಅದು ನಿಮ್ಮದೇ ತಾನೇ? ಪ್ರತಿಭೆ ಇರೋದು ಅಲ್ಲೇ ಅಂತ ನಾನು ಮೊದಲೇ ಹೇಳಿದ್ದೆ."

"ನನ್ನದೇ," ಎಂದೆ. ಅಂಟಮ್ಮನನ್ನು ಮೇಲಕ್ಕೆ ಕರೆದೆ. ನಾಲ್ಕನೇ ಮಡಿಕೆ ಬಿಟ್ಟು ಮಡಿಸಿ ಎಂದು ರಟ್ಟು ಕೊಟ್ಟೆ. ನನ್ನ ಹಸಿರು ಬಿಲ್ಲೆಯನ್ನು ಒಳಗೆ ಹಾಕಿದೆ. ಅವರು ಮುಚ್ಚಿ, ಕವುಚಿ, ಮೈಕಿನ ಹತ್ತಿರ ಹಿಡಿದು ಕುಲುಕಿದರು. ಇಪ್ಪತ್ತು ಸಲ. ಬಿಲ್ಲೆ ಒಳಗೇ ಗಡಗಡ ಎಂದಿತು, ಹೊರಗೆ ಬರಲಿಲ್ಲ.

"ಹಂಗಾದ್ರೆ ಈ ಗೆರೆ ಯಾಕಪ್ಪಾ ಹಾಕ್ಸಿದ್ದೆ ಇಷ್ಟು ದಿನ?" ಎಂದರು ಅಂಟಮ್ಮ.

"ಹಾಡಿಗೆ," ಎಂದೆ. "ಏಳು ವರ್ಷದವನಿದ್ದಾಗ ಇದರ ಮೇಲೆ ಒಂದು ಹಾಡು ಕಟ್ಟಿದ್ದೆ. ಮೂರೇ ಸಾಲಾದ್ರೆ ತಾಳ ಕುಂಟುತ್ತಿತ್ತು. 'ಬಾ' ಅಂತ ಮುಗಿಯೋ ಇನ್ನೊಂದು ಸಾಲು ಬೇಕಿತ್ತು. ಸಾಲು ಬಂತು, ಸಾಲಿಗೋಸ್ಕರ ಮಡಿಕೆ ಬಂತು."

ಅವರಿಗೆ ನಗು ತಡೆಯಲಾಗಲಿಲ್ಲ. ಪೆಟ್ಟಿಗೆಯನ್ನು ತಲೆತಜ್ಞರ ಕೈಗೆ ಕೊಟ್ಟು, "ತಗೊಳ್ಳಿ ಸ್ವಾಮಿ, ನಿಮ್ಮ ಹಸಿರು. ಅಂಟಿಲ್ಲ, ನಿಧಾನಕ್ಕೆ ಬಿಚ್ಕೊಳ್ಳಿ," ಎಂದರು.

ಇಂದು ಬೆಳಿಗ್ಗೆ ಡೈ ಹಲಗೆಯಿಂದ ನಾಲ್ಕನೇ ಬ್ಲೇಡನ್ನು ನಾನೇ ಕಿತ್ತೆ. ವಿನ್ಯಾಸ ಕೋಣೆಗೆ ಬೀಗ ಬಿದ್ದಿದೆ, ಕೀಲಿ ಯಜಮಾನರ ಜೇಬಿನಲ್ಲಿದೆ. ಮೂರು ಕಿಟಕಿಯನ್ನು ಹೊರಗಿನಿಂದ ನೋಡಿ ಬಂದೆ. ಅಂಟಿನ ವಿಭಾಗದ ಗೋಡೆಗೆ ಅಂಟಮ್ಮ ತಾವೇ ಒಂದು ಸಲಹಾ ಪೆಟ್ಟಿಗೆ ಮಡಿಸಿ ಮೊಳೆ ಹೊಡೆದಿದ್ದಾರೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಯಾರೂ ತೆಗೆದಿಲ್ಲ. ಮಧ್ಯಾಹ್ನದೊಳಗೆ ಒಂಬತ್ತು ಚೀಟಿ ಬಿದ್ದಿದ್ದವು. ಯಜಮಾನರು ನನ್ನನ್ನು ಕರೆದು, ಮುಖ ನೋಡದೆ, "ತಳದಲ್ಲಿ ಹಾಕೋಕೆ ನಿಮ್ಮಕ್ಕನ ಹೆಸರು ಬರ್ಕೊಡಿ," ಎಂದರು. "ಅವಳನ್ನೇ ಕೇಳಿ ಸಾರ್. ಕರಡು ತಿದ್ದದೆ ಅಚ್ಚಿಗೆ ಬಿಡೋಳಲ್ಲ," ಎಂದೆ. ಕಾಗದ ಬರುತ್ತದೆ. ಬೇಡ ಎನ್ನಬೇಡ. ಬೇಡ ಎಂದರೆ ನಾನು ಅಲ್ಲಿಗೆ ಬಂದು, ನಿನ್ನ ಮುದ್ರಣಾಲಯದ ಬಾಗಿಲಲ್ಲಿ ನಿಂತು ಆ ಹಾಡನ್ನು ಆರೂ ಸಾಲು ಹಾಡುತ್ತೇನೆ. ನನ್ನದು ಬೆದರಿಕೆ ಮಾತ್ರ ಅಲ್ಲ.

ನೋಟುಬುಕ್ಕಿನಲ್ಲಿ ಇದ್ದುದನ್ನೆಲ್ಲ ಸಭೆಯಲ್ಲಿ ಹೇಳಿದೆ. ಇಲ್ಲದ್ದೊಂದನ್ನು ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಮರೆತಿದ್ದೆ ಎಂದು ಎರಡು ಸಲ ಬರೆದೆನಲ್ಲ, ಅದು ಸುಳ್ಳು. ಅಂದು ಸಂಜೆ ನೀವಿಬ್ಬರೇ ಇರಲಿಲ್ಲ, ಅಕ್ಕ. ನಾನು ಕೌಂಟರಿನ ಕೆಳಗೆ ಇದ್ದೆ. ನೀನು ಹೇಳಿದ್ದನ್ನೂ ಕೇಳಿದೆ, ಅಮ್ಮ ಹೇಳಿದ್ದನ್ನೂ ಕೇಳಿದೆ. ಕೈಯಲ್ಲಿದ್ದ ಗುಂಡಿಗಳು ಸದ್ದು ಮಾಡದಂತೆ ಬಿಗಿಯಾಗಿ ಹಿಡಿದುಕೊಂಡೆ. ಹೊರಗೆ ಬರಲಿಲ್ಲ.

ನಿನ್ನ ತಮ್ಮ